ಎಣ್ಣೆಯಿಲ್ಲದ ಕೈ: ಕುರ್ಚಿ ಮಸಾಜ್ ಕಲಿಸುವವರಿಗೊಂದು ಮಾರ್ಗದರ್ಶಿ

ಬಟ್ಟೆ ಬಿಚ್ಚಿಸದೆ, ಎಣ್ಣೆ ಹಚ್ಚದೆ, ಕುರ್ಚಿಯಲ್ಲಿ ಕೂರಿಸಿ ಬೆನ್ನು, ಹೆಗಲು, ಕತ್ತು, ತೋಳು ಮತ್ತು ತಲೆಯನ್ನು ಹತ್ತು ಹದಿನೈದು ನಿಮಿಷ ಒತ್ತಿ ಕಳುಹಿಸುವ ಮಸಾಜನ್ನು ಹೊಸಬರಿಗೆ ವಹಿಸುವ ಸಣ್ಣ ಕೆಲಸವೆಂದು ಎಣಿಸುವವರೇ ಹೆಚ್ಚು. ಕಲಿಸುವ ಕೆಲಸಕ್ಕೆ ಇಳಿದ ಮೇಲೆ ನನಗೆ ತೋರಿದ್ದು ಇದಕ್ಕೆ ವಿರುದ್ಧವಾದುದು. ಎಣ್ಣೆಯಿದ್ದರೆ ಕೈ ಜಾರುತ್ತದೆ, ಜಾರುವ ಕೈಯ ತಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ. ಬಟ್ಟೆಯ ಮೇಲೆ ಇಟ್ಟ ಕೈ ಮಾತ್ರ ಇಟ್ಟಲ್ಲಿಯೇ ಕೆಲಸ ಮಾಡಬೇಕು. ಎಷ್ಟು ಭಾರ ಹಾಕಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಬಿಡಬೇಕು ಎಂಬ ಮೂರನ್ನು ಬಿಟ್ಟರೆ ಅದಕ್ಕೆ ಬೇರೆ ಆಸರೆಯಿಲ್ಲ. ಸ್ಪಾಗಳಲ್ಲಿ, ಕಚೇರಿಗಳಲ್ಲಿ ಅಥವಾ ಫಿಸಿಯೋಥೆರಪಿ ಕೇಂದ್ರಗಳಲ್ಲಿ ಹೊಸ ಥೆರಪಿಸ್ಟ್‌ಗಳನ್ನು ತಯಾರು ಮಾಡಬೇಕಾದ ಹಿರಿಯ ಕೆಲಸಗಾರರನ್ನು ಉದ್ದೇಶಿಸಿ ಈ ಲೇಖನವನ್ನು ಬರೆದಿದ್ದೇನೆ. ಮಸಾಜ್ ಪಡೆಯುವವರನ್ನು ಇಲ್ಲಿ ‘ಕುಳಿತವರು’ ಎಂದೇ ಕರೆಯುತ್ತೇನೆ. ಅವರೆಲ್ಲರೂ ರೋಗಿಗಳಲ್ಲ, ಎಲ್ಲರೂ ಹಣ ಕೊಡುವ ಗ್ರಾಹಕರೂ ಅಲ್ಲ.

ವಿದ್ಯೆಯ ಹಿನ್ನೆಲೆಯನ್ನು ಕಲಿಯುವವರಿಗೆ ಚಿಕ್ಕದಾಗಿ ಹೇಳಿದರೆ ಸಾಕು. ಜಪಾನಿನ ಸಾಂಪ್ರದಾಯಿಕ ಅಂಗಮರ್ದನವಾದ ಅನ್ಮಾವನ್ನು ಬಟ್ಟೆಯ ಮೇಲೆಯೇ ಮಾಡುತ್ತಾರೆ. ಅದನ್ನು ಆಧಾರವಾಗಿಟ್ಟುಕೊಂಡು 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಪಾಮರ್ ಎಂಬವರು ಕಚೇರಿಗಳಿಗೆ ಹೊಂದುವಂಥ ಚಿಕ್ಕ ಕ್ರಮವೊಂದನ್ನು ರೂಪಿಸಿದರು. ಮುಖ ಊರಿ, ಎದೆ ಆನಿಸಿ ಕೂರುವ ಮಡಚುವ ಕುರ್ಚಿ 1986ರಲ್ಲಿ ಮಾರುಕಟ್ಟೆಗೆ ಬಂತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಲಂಡನ್ನಿನಲ್ಲಿ ದೃಷ್ಟಿಹೀನ ಚಿಕಿತ್ಸಕ ನರೇಂದ್ರ ಮೆಹ್ತಾ ನಮ್ಮ ದೇಶದ ತಲೆ ಚಂಪಿಗೆ ಹೆಗಲು ಮತ್ತು ಕತ್ತಿನ ಭಾಗವನ್ನು ಸೇರಿಸಿ ಪಾಠವಾಗಿ ಕಲಿಸತೊಡಗಿದರು. ಇಂದು ಬೆಂಗಳೂರಿನ ಕಚೇರಿಯೊಂದರಲ್ಲಿ ನಡೆಯುವ ಕುರ್ಚಿ ಮಸಾಜಿನಲ್ಲಿ ಸಾಮಾನ್ಯವಾಗಿ ಈ ಎರಡೂ ಬೆರೆತಿರುತ್ತವೆ.

ತರಗತಿಗೆ ಮೊದಲು

ಒಬ್ಬ ಶಿಕ್ಷಕರಿಗೆ ಎಂಟು ಜನ ಕಲಿಯುವವರು ಸಾಕು, ಸರಿಸಂಖ್ಯೆಯಲ್ಲಿರಲಿ. ತರಗತಿಗೆ 40 ಗಂಟೆ ಮೀಸಲಿಡಿ, ಆದರೆ ಅದನ್ನು ಐದೇ ದಿನಕ್ಕೆ ತುರುಕಬೇಡಿ. ದಿನಕ್ಕೆ ಮೂರು ನಾಲ್ಕು ಗಂಟೆಯಂತೆ ಎರಡು ಮೂರು ವಾರಕ್ಕೆ ಹಂಚಿದರೆ ಹೆಬ್ಬೆರಳುಗಳಿಗೂ ವಿಶ್ರಾಂತಿ ಸಿಗುತ್ತದೆ, ಪಾಠವೂ ಕೈಗೆ ಇಳಿಯುತ್ತದೆ. ತರಗತಿಯ ಹೊರಗೆ ಪ್ರತಿಯೊಬ್ಬರೂ ಕನಿಷ್ಠ 25 ಬೇರೆ ಬೇರೆ ಜನರಿಗೆ ಮಸಾಜ್ ಮಾಡಿ ಬರೆದಿಡಲಿ. ಒಬ್ಬರನ್ನೇ ಇಪ್ಪತ್ತೈದು ಸಲ ಕೂರಿಸಿದರೆ ಅವರ ಬೆನ್ನೊಂದೇ ಪರಿಚಯವಾಗುತ್ತದೆ.

ಮಡಚುವ ಮಸಾಜ್ ಕುರ್ಚಿ ಇಲ್ಲದಿದ್ದರೆ ತರಬೇತಿ ನಿಲ್ಲಬೇಕಾಗಿಲ್ಲ. ಕೈಹಿಡಿಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಮೇಜಿನ ಮುಂದಿಟ್ಟು, ಮೇಜಿನ ಮೇಲೆ ಎರಡು ದಿಂಬು ಪೇರಿಸಿ, ಅದರ ಮೇಲೆ ಮಡಿಸಿದ ಕೈಗಳನ್ನೂ ಹಣೆಯನ್ನೂ ಊರಿಸಿದರೆ ಬೆನ್ನಿನ ಕೆಲಸಕ್ಕೆ ಸಾಕಾಗುತ್ತದೆ. ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ. ಭಾರ ಬಿದ್ದಾಗ ಅದರ ಕಾಲುಗಳು ಅಗಲವಾಗುತ್ತವೆ. ಇವುಗಳ ಜೊತೆಗೆ ಒಗೆದ ಹತ್ತಿ ಟವೆಲ್ಲುಗಳು, ಮುಖ ಊರುವ ಜಾಗಕ್ಕೆ ಪ್ರತಿಯೊಬ್ಬರಿಗೂ ಹೊಸದಾಗಿ ಹಾಸುವ ಟಿಶ್ಯೂ, ಕುರ್ಚಿ ಒರೆಸಲು ಸ್ಪಿರಿಟ್ ಮತ್ತು ಒಂದು ಮುಳ್ಳಿನ ತೂಕದ ಯಂತ್ರ ಬೇಕು. ಯಂತ್ರದ ಉಪಯೋಗವನ್ನು ಮುಂದೆ ಹೇಳುತ್ತೇನೆ.

ಮೊದಲ ದಿನ ಯಾರೂ ಒತ್ತುವುದು ಬೇಡ

ಮೊದಲ ದಿನ ಕಲಿಯುವವರು ಕುಳಿತವರಾಗಲಿ. ಶಿಕ್ಷಕರು ಒಬ್ಬೊಬ್ಬರನ್ನಾಗಿ ಕೂರಿಸಿ ಪೂರ್ತಿ ಹದಿನೈದು ನಿಮಿಷದ ಮಸಾಜ್ ಮಾಡಬೇಕು, ಮತ್ತು ಉದ್ದೇಶಪೂರ್ವಕವಾಗಿ ಎರಡು ಮೂರು ತಪ್ಪುಗಳನ್ನೂ ಮಾಡಬೇಕು: ಹೇಳದೆ ತಟ್ಟನೆ ಕತ್ತಿಗೆ ಕೈ ಹಾಕುವುದು, ತಣ್ಣನೆಯ ಬೆರಳು ತಾಗಿಸುವುದು, ಮಧ್ಯದಲ್ಲಿ ಕೈ ತೆಗೆದು ಮತ್ತೊಬ್ಬರ ಜೊತೆ ಮಾತಾಡುವುದು. ಮುಖ ಕೆಳಗೆ ಮಾಡಿ ಕುಳಿತಾಗ ಹಿಂದೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ, ಆಗ ಚಿಕ್ಕ ಸದ್ದೂ ದೊಡ್ಡದಾಗುತ್ತದೆ. ಈ ಅಸಹಾಯಕತೆಯನ್ನು ಸ್ವತಃ ಅನುಭವಿಸದವರಿಗೆ ಒಪ್ಪಿಗೆಯ ಪಾಠವನ್ನು ಎಷ್ಟು ಸಲ ಹೇಳಿದರೂ ಅದು ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ಆ ದಿನ ಸಂಜೆ ಅವರಿಗೆ ಏನು ಹಿತವೆನಿಸಿತು, ಎಲ್ಲಿ ಮೈ ಬಿಗಿಯಾಯಿತು ಎಂಬುದನ್ನು ಅವರ ಮಾತಿನಲ್ಲೇ ಬರೆಸಿಕೊಳ್ಳಿ.

ಕೇಳುವುದು ಮತ್ತು ಬೇಡವೆನ್ನುವುದು

ಎರಡನೆಯ ದಿನದಿಂದ ಮಾತಿನ ಅಭ್ಯಾಸ. ಪ್ರತಿ ಮಸಾಜಿಗೂ ಮುನ್ನ ಎರಡು ನಿಮಿಷ ನಿಂತು ಕೇಳಬೇಕಾದ ಪ್ರಶ್ನೆಗಳನ್ನು ಬಾಯಿಪಾಠವಾಗುವವರೆಗೆ ಜೋಡಿಯಾಗಿ ಆಡಿಸಿ. ಜ್ವರವಿದೆಯೇ, ಇತ್ತೀಚೆಗೆ ಬಿದ್ದಿರುವಿರಾ, ಮೂಳೆ ಮುರಿದಿದೆಯೇ, ಶಸ್ತ್ರಚಿಕಿತ್ಸೆಯಾಗಿದೆಯೇ, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುತ್ತೀರಾ, ಬಿಪಿ ಹತೋಟಿಯಲ್ಲಿದೆಯೇ, ಮೂಳೆ ಸವೆದಿದೆ ಎಂದು ವೈದ್ಯರು ಹೇಳಿದ್ದಾರೆಯೇ, ಚರ್ಮದ ಮೇಲೆ ಗುಳ್ಳೆ ಅಥವಾ ಸೋಂಕು ಇದೆಯೇ, ಕೊನೆಯ ಸಲ ಊಟ ಮಾಡಿದ್ದು ಯಾವಾಗ. ಮಹಿಳೆಯರಲ್ಲಿ ಗರ್ಭಿಣಿಯೇ ಎಂಬುದನ್ನು ಎಲ್ಲರ ಎದುರು ಬಾಯಿಬಿಟ್ಟು ಕೇಳದೆ, ಮುದ್ರಿಸಿದ ಚೀಟಿಯಲ್ಲಿ ಗುರುತು ಹಾಕಲು ಕೊಡುವುದು ಮರ್ಯಾದೆಯ ಮಾರ್ಗ.

ಜ್ವರ, ಹರಡುವ ಚರ್ಮರೋಗ, ಸರ್ಪಸುತ್ತು, ಹೊಸ ಗಾಯ, ಹತೋಟಿ ತಪ್ಪಿದ ಬಿಪಿ ಇವುಗಳಿದ್ದರೆ ಆ ದಿನ ಮಸಾಜ್ ಇಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ರಕ್ತ ತೆಳುವಾಗುವ ಮಾತ್ರೆ ಸೇವಿಸುವವರಿಗೆ, ಮೂಳೆ ಸವೆತ ಇರುವವರಿಗೆ ಮತ್ತು ಗರ್ಭಿಣಿಯರಿಗೆ ಅವರ ವೈದ್ಯರ ಒಪ್ಪಿಗೆಯಿಲ್ಲದೆ ಕೈ ಹಚ್ಚಬಾರದು. ತೋಳಿನುದ್ದಕ್ಕೂ ಜೋಮು ಇಳಿಯುವುದು, ಬೆರಳುಗಳ ಹಿಡಿತ ತಪ್ಪುವುದು ಕತ್ತಿನ ನರ ಒತ್ತಿಕೊಂಡಿರುವುದರ ಸೂಚನೆಯಾಗಿರಬಹುದು. ಅದನ್ನು ಸ್ನಾಯುವಿನ ಬಿಗಿತವೆಂದು ಭಾವಿಸಿ ಒತ್ತುವುದು ತಪ್ಪು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. “ಬೆಳಗಿನಿಂದ ಎಡಗೈ ಸೆಳೆಯುತ್ತಿದೆ, ಎದೆ ಭಾರ, ಸ್ವಲ್ಪ ಬೆವರು, ಗ್ಯಾಸ್ ಇರಬೇಕು, ಬೆನ್ನು ಒತ್ತಿಬಿಡಿ” ಎನ್ನುವವರು ಬರುತ್ತಾರೆ. ಅದು ಹೃದಯಾಘಾತದ ಲಕ್ಷಣವಾಗಿರಬಹುದು. ಅವರನ್ನು ಕುರ್ಚಿಯಲ್ಲಿ ಕೂರಿಸದೆ ಕೂಡಲೇ 108ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು.

ನಂತರ ಒಪ್ಪಿಗೆ. “ನಾನು ಬೆನ್ನು, ಹೆಗಲು, ಕತ್ತು, ಕೈ ಮತ್ತು ತಲೆಯನ್ನು ಮುಟ್ಟುತ್ತೇನೆ. ಇವುಗಳಲ್ಲಿ ಯಾವುದಾದರೂ ಬೇಡವೇ? ನಡುವೆ ಯಾವಾಗ ಬೇಡವೆನಿಸಿದರೂ ಹೇಳಿ, ನಿಲ್ಲಿಸುತ್ತೇನೆ” ಎಂಬಷ್ಟು ಮಾತು ಸಾಕು. ಕಚೇರಿಗಳಿಗೆ ಹೋಗಿ ಮಸಾಜ್ ಮಾಡುವ ಥೆರಪಿಸ್ಟ್‌ಗಳಿಗೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ ಬಗ್ಗೆ ಒಂದು ಗಂಟೆಯ ಪಾಠವನ್ನಾದರೂ ಮಾಡಿ. ಅದು ಕುಳಿತವರನ್ನು ಮಾತ್ರ ರಕ್ಷಿಸಲು ಇರುವುದಲ್ಲ, ಕೆಲಸ ಮಾಡುವ ಹೆಣ್ಣುಮಕ್ಕಳನ್ನು ರಕ್ಷಿಸಲೂ ಇದೆ ಎಂಬುದನ್ನು ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಒತ್ತಡದ ಬಗ್ಗೆ ಕೇಳುವಾಗ ನಮ್ಮ ಜನರ ಒಂದು ಅಭ್ಯಾಸವನ್ನು ಮರೆಯಬಾರದು. “ನೋವಾಗುತ್ತಿದೆಯೇ?” ಎಂದರೆ ಹತ್ತರಲ್ಲಿ ಎಂಟು ಜನ “ಪರವಾಗಿಲ್ಲ” ಎನ್ನುತ್ತಾರೆ. ಆ ಪದಕ್ಕೆ ಹಿತವಾಗಿದೆ ಎಂಬ ಅರ್ಥವೂ ಇದೆ, ಸಹಿಸಿಕೊಳ್ಳುತ್ತಿದ್ದೇನೆ ಎಂಬ ಅರ್ಥವೂ ಇದೆ. ಆದ್ದರಿಂದ “ಇಷ್ಟೇ ಇರಲೇ, ಕಡಿಮೆ ಮಾಡಲೇ?” ಎಂದು ಎರಡರಲ್ಲೊಂದನ್ನು ಆರಿಸುವಂತೆ ಕೇಳಲು ಕಲಿಸಿ. ಬಾಯಿ ಪರವಾಗಿಲ್ಲ ಎನ್ನುತ್ತಿರುವಾಗ ಉಸಿರು ಕಟ್ಟಿದ್ದರೆ, ಹೆಗಲು ಕಿವಿಯತ್ತ ಏರಿದ್ದರೆ, ಕಾಲ್ಬೆರಳು ಮುದುಡಿದ್ದರೆ ನಂಬಬೇಕಾದದ್ದು ಮೈಯ ಮಾತನ್ನು.

ಕೈ ಇಡಬಾರದ ಜಾಗಗಳು

ಅಂಗರಚನೆಯ ಪಾಠವನ್ನು ಚಿತ್ರಪಟದಲ್ಲಿ ಮುಗಿಸದೆ, ಹಳೆಯ ಬಿಳಿ ಟೀಶರ್ಟ್ ತೊಟ್ಟ ಒಬ್ಬರ ಬೆನ್ನ ಮೇಲೆ ಬಣ್ಣದ ಪೆನ್ನಿನಿಂದ ಬರೆಯಿಸಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಗಂಟು ಸಾಮಾನ್ಯವಾಗಿ ಕತ್ತಿನ ಏಳನೆಯ ಮೂಳೆ. ಬೆನ್ನಿನ ರೆಕ್ಕೆಯಂತಿರುವ ಹೆಗಲೆಲುಬಿನ ಕೆಳತುದಿ ಹೆಚ್ಚುಕಡಿಮೆ ಎದೆಭಾಗದ ಏಳನೆಯ ಬೆನ್ನುಮೂಳೆಯ ಮಟ್ಟಕ್ಕೆ ಬರುತ್ತದೆ. ಕತ್ತಿನಿಂದ ಹೆಗಲವರೆಗೆ ಹಾಸಿರುವ ಟ್ರಪೀಜಿಯಸ್, ಹೆಗಲೆಲುಬಿನ ಮೇಲ್ಮೂಲೆಯನ್ನು ಕತ್ತಿಗೆ ಕಟ್ಟಿರುವ ಲೆವೇಟರ್ ಸ್ಕ್ಯಾಪುಲೆ, ಎರಡು ಹೆಗಲೆಲುಬುಗಳ ನಡುವಿನ ರಾಂಬಾಯ್ಡ್‌ಗಳು, ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ ಹಗ್ಗದಂತೆ ಇಳಿಯುವ ಸ್ನಾಯುಗಳು: ಕಂಪ್ಯೂಟರಿನ ಮುಂದೆ ದಿನವಿಡೀ ಕೂರುವವರಲ್ಲಿ ದೂರು ಬಹುಪಾಲು ಈ ನಾಲ್ಕರ ಸುತ್ತಲೇ ಇರುತ್ತದೆ.

ಕೆಂಪು ಪೆನ್ನಿನಿಂದ ಗುರುತಿಸಬೇಕಾದವು ಬೇರೆ. ಬೆನ್ನುಮೂಳೆಯ ಮೇಲೆ ನೇರವಾಗಿ ಒತ್ತಬಾರದು. ಕೊರಳಿನ ಮುಂಭಾಗ ಮತ್ತು ಪಕ್ಕಗಳಲ್ಲಿ ಮಿದುಳಿಗೆ ಹೋಗುವ ರಕ್ತನಾಳವಿದೆ. ಅಲ್ಲಿ ಒತ್ತಿದರೆ ನಾಡಿ ನಿಧಾನವಾಗಿ ಎಚ್ಚರ ತಪ್ಪಬಹುದು. ಕೊರಳೆಲುಬಿನ ಮೇಲಿನ ಕುಳಿ ಮತ್ತು ಕಂಕುಳಿನಲ್ಲಿ ತೋಳಿಗೆ ಹೋಗುವ ನರಗಳ ಕಟ್ಟು ಹಾದುಹೋಗುತ್ತದೆ. ಮೊಣಕೈಯ ಒಳಬದಿಯ ತೋಡು, ಅಂದರೆ ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುವ ಜಾಗ, ಮತ್ತು ಮೊಣಕೈ ಮಡಿಕೆಯ ಮುಂಭಾಗವೂ ಬೇಡ. ಸೊಂಟದ ಮೇಲ್ಗಡೆ, ಕೊನೆಯ ಎರಡು ಪಕ್ಕೆಲುಬುಗಳು ಮುಂಭಾಗದಲ್ಲಿ ಯಾವುದಕ್ಕೂ ಅಂಟಿಕೊಂಡಿಲ್ಲದಿರುವಲ್ಲಿ, ಮೂತ್ರಪಿಂಡಗಳಿರುವುದರಿಂದ ಅಲ್ಲಿ ಗುದ್ದುವುದಾಗಲಿ ಮೊಣಕೈ ಊರುವುದಾಗಲಿ ಕೂಡದು.

ಕತ್ತನ್ನು ತಟ್ಟನೆ ತಿರುಗಿಸಿ ‘ಲಟಕ್’ ಎನ್ನಿಸುವುದನ್ನು ಕ್ಷೌರದಂಗಡಿಯಲ್ಲಿ ನೋಡಿ ಬಂದ ಹುಡುಗರು ಅದನ್ನು ಮಸಾಜಿನ ಮುಕ್ತಾಯವೆಂದೇ ತಿಳಿದಿರುತ್ತಾರೆ, ಕುಳಿತವರೂ ಕೆಲವೊಮ್ಮೆ ಬೇಕೆಂದು ಕೇಳುತ್ತಾರೆ. ಹಾಗೆ ತಿರುಚಿದಾಗ ಕತ್ತಿನ ಮೂಳೆಗಳೊಳಗೆ ಹಾದು ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿಯಬಹುದು, ಪಾರ್ಶ್ವವಾಯು ಆಗಬಹುದು. ಈ ಒಂದು ವಿಷಯದಲ್ಲಿ ನನ್ನ ತರಗತಿಯಲ್ಲಿ ರಿಯಾಯಿತಿಯಿಲ್ಲ. ಅಭ್ಯಾಸಕ್ಕೆಂದು ಮಾಡಿದವರೂ ಆ ದಿನ ಮನೆಗೆ ಹೋಗಬೇಕಾಗುತ್ತದೆ.

ಭಾರ ಹಾಕುವ ವಿದ್ಯೆ

ಹೊಸಬರು ಬೆರಳಿನ ಬಲದಿಂದ ಒತ್ತುತ್ತಾರೆ, ಅದಕ್ಕೇ ಅವರ ಹೆಬ್ಬೆರಳು ಎರಡೇ ತಿಂಗಳಲ್ಲಿ ನೋಯತೊಡಗುತ್ತದೆ. ಒತ್ತಡ ಹುಟ್ಟಬೇಕಾದದ್ದು ಹಿಂದಿನ ಕಾಲಿನ ಹಿಮ್ಮಡಿಯಲ್ಲಿ. ಒಂದು ಕಾಲು ಮುಂದೆ, ಒಂದು ಹಿಂದೆ, ಮುಂದಿನ ಮಂಡಿ ತುಸು ಮಡಿಸಿ, ಬೆನ್ನು ನೆಟ್ಟಗೆ, ಮೊಣಕೈ ಪೂರ್ತಿ ಬಿಗಿಯದೆ ನಿಂತು, ಇಡೀ ಮೈಯನ್ನು ಮುಂದಕ್ಕೆ ವಾಲಿಸಿದಾಗ ಭಾರ ತಾನಾಗಿ ಅಂಗೈಗೆ ಬರುತ್ತದೆ. ನೂಕುವುದಕ್ಕೂ ವಾಲುವುದಕ್ಕೂ ಇರುವ ವ್ಯತ್ಯಾಸ ತಿಳಿಯಲು ಮೊದಲು ಗೋಡೆಗೆ ಕೈ ಊರಿ ಅಭ್ಯಾಸ ಮಾಡಿಸಿ.

ಆಮೇಲೆ ತೂಕದ ಯಂತ್ರ. ಅದನ್ನು ಮೇಜಿನ ಮೇಲಿಟ್ಟು ಮಡಿಸಿದ ಟವೆಲ್ ಹಾಸಿ, ಅಂಗೈಯಿಂದ 5 ಕಿಲೋ ಬರುವವರೆಗೆ ಮೂರೆಣಿಸುತ್ತ ವಾಲಲಿ, ಮೂರೆಣಿಕೆ ಮುಳ್ಳು ಅಲುಗದಂತೆ ನಿಲ್ಲಲಿ, ಮೂರೆಣಿಸುತ್ತ ಹಿಂದಕ್ಕೆ ಬರಲಿ. ಬಳಿಕ 8 ಕಿಲೋ, ಬಳಿಕ 3 ಕಿಲೋ. ಮೂರನೆಯ ದಿನ ಕಣ್ಣು ಮುಚ್ಚಿ ಮಾಡಿಸಿ. ಎದುರಿನವರು ಮುಳ್ಳು ನೋಡಿ ಹೇಳಲಿ. ಒತ್ತಡ ಬಿಡುವುದೇ ಎಲ್ಲಕ್ಕಿಂತ ಕಷ್ಟವೆಂದು ಆಗ ಗೊತ್ತಾಗುತ್ತದೆ. ಬಹುಪಾಲು ಜನರ ಕೈಯಲ್ಲಿ ಮುಳ್ಳು ನಿಧಾನವಾಗಿ ಏರುತ್ತದೆ, ಇಳಿಯುವಾಗ ದಡಕ್ಕನೆ ಬೀಳುತ್ತದೆ. ಬಿಗಿದ ಸ್ನಾಯು ಆ ದಡಕ್ಕನೆಯ ಬಿಡುವಿಕೆಗೆ ಮತ್ತೆ ಬಿಗಿಯಾಗುತ್ತದೆ. ಯಂತ್ರದ ಅಂಕಿಗಳನ್ನು ಮನುಷ್ಯರ ಬೆನ್ನಿಗೆ ಹಾಗೆಯೇ ಹೊಂದಿಸಬಾರದು ಎಂಬ ಎಚ್ಚರಿಕೆಯನ್ನೂ ಕೊಡಿ. ಇದು ಕೈಗೆ ಅಳತೆ ಕಲಿಸುವ ಆಟವಷ್ಟೇ.

ಕೈಚಲನೆಗಳಿಗೆ ಇಂಗ್ಲಿಷ್, ಫ್ರೆಂಚ್ ಹೆಸರುಗಳನ್ನು ಉರು ಹೊಡೆಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಒತ್ತುವುದು, ಹಿಸುಕುವುದು, ನಾದುವುದು, ನೀವುವುದು, ತಟ್ಟುವುದು ಎಂಬ ಮಾತುಗಳು ನಮ್ಮಲ್ಲೇ ಇವೆ, ಮತ್ತು ಒಂದೊಂದರ ಅಳತೆಯೂ ಬೇರೆ ಎಂಬುದು ಚಪಾತಿ ಹಿಟ್ಟು ನಾದಿದವರಿಗೆ, ಮನೆಯಲ್ಲಿ ಹಿರಿಯರ ಕಾಲು ಒತ್ತಿದವರಿಗೆ ವಿವರಿಸಬೇಕಾಗಿಲ್ಲ. ಪ್ರಮಾಣಪತ್ರದ ಪರೀಕ್ಷೆಗೆ ಬೇಕಾದ ಹೆಸರುಗಳನ್ನು ಕೊನೆಯ ವಾರದಲ್ಲಿ ಕಲಿತರಾಯಿತು.

ಹೆಬ್ಬೆರಳು ಬಳಸುವಾಗ ಅದು ಹಿಂದಕ್ಕೆ ಬಾಗದೆ ನೇರವಾಗಿರಬೇಕು, ಉಳಿದ ಬೆರಳುಗಳು ಅದಕ್ಕೆ ಆನಿಕೆಯಾಗಿರಬೇಕು. ಹೆಗಲ ಮೇಲ್ಭಾಗಕ್ಕೆ ಮುಂದೋಳನ್ನೂ ರಾಂಬಾಯ್ಡ್‌ಗಳಿಗೆ ಮೊಣಕೈ ಹತ್ತಿರದ ಚಪ್ಪಟೆ ಭಾಗವನ್ನೂ ಬಳಸಿದರೆ ಹೆಬ್ಬೆರಳಿನ ಕೆಲಸ ಅರ್ಧವಾಗುತ್ತದೆ. ಮೊಣಕೈಯ ಮೊನೆ ಎಂದಿಗೂ ಬೇಡ.

ಬಟ್ಟೆಯನ್ನು ಓದುವುದು

ಹತ್ತಿ ಅಂಗಿಯ ಮೇಲೆ ಕೈ ನಿಲ್ಲುತ್ತದೆ. ಪಾಲಿಯೆಸ್ಟರ್, ರೇಷ್ಮೆಗಳ ಮೇಲೆ ಜಾರುತ್ತದೆ. ಜಾರುವ ಬಟ್ಟೆಯಾದರೆ ತೆಳುವಾದ ಹತ್ತಿ ಟವೆಲ್ ಹಾಸಿ ಅದರ ಮೇಲೆ ಒತ್ತಬೇಕು. ಸೀರೆ ಉಟ್ಟವರ ಬೆನ್ನಿನ ಮೇಲ್ಭಾಗ, ಸೊಂಟ ತೆರೆದಿರುವುದರಿಂದ ಅವರಿಗೂ ಟವೆಲ್ ಹೊದಿಸಿಯೇ ಕೆಲಸ ಶುರುವಾಗಬೇಕು, ಮತ್ತು ಹೆಗಲ ಮೇಲಿನ ಪಿನ್ನನ್ನು ಅವರೇ ತೆಗೆದಿಡುವಂತೆ ಮೊದಲೇ ಹೇಳಬೇಕು. ಅದು ಚುಚ್ಚಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಮಾಂಗಲ್ಯ, ಸರ, ಜನಿವಾರ, ತಾಯಿತಗಳನ್ನು ಥೆರಪಿಸ್ಟ್ ಮುಟ್ಟಿ ಸರಿಸಬಾರದು. “ಸರವನ್ನು ಸ್ವಲ್ಪ ಮುಂದಕ್ಕೆ ಹಾಕಿಕೊಳ್ಳುತ್ತೀರಾ?” ಎಂದರೆ ಅವರೇ ಸರಿಸಿಕೊಳ್ಳುತ್ತಾರೆ. ಮುಡಿದ ಹೂವು, ತಲೆಗೆ ಕಟ್ಟಿದ ವಸ್ತ್ರ, ಹಿಜಾಬ್ ಇದ್ದರೆ ತಲೆಯ ಭಾಗವನ್ನು ಬಿಟ್ಟು ಆ ನಿಮಿಷವನ್ನು ಕೈಗಳಿಗೆ ಕೊಡಿ. ಒಳ ಉಡುಪಿನ ಪಟ್ಟಿ, ಕೊಕ್ಕೆಗಳು ಬರುವಲ್ಲಿ ಅವುಗಳ ಮೇಲೆ ಒತ್ತದೆ, ಸರಿಸಲೂ ಹೋಗದೆ, ಮೇಲೆ ಕೆಳಗೆ ಕೆಲಸ ಮುಂದುವರಿಸುವುದನ್ನು ಮುಜುಗರವಿಲ್ಲದೆ ಕಲಿಸಬೇಕು.

ಹದಿನೈದು ನಿಮಿಷದ ಕ್ರಮ

ಕ್ರಮವನ್ನು ಎಲ್ಲರಿಗೂ ಒಂದೇ ಬಗೆಯಲ್ಲಿ ಕಲಿಸಿ. ಬದಲಾಯಿಸುವ ಸ್ವಾತಂತ್ರ್ಯ ಇಪ್ಪತ್ತೈದು ಜನರಿಗೆ ಮಾಡಿದ ಮೇಲೆ ಸಿಗಲಿ.

ಮೊದಲ ನಿಮಿಷ ಎರಡು ಅಂಗೈಗಳನ್ನೂ ಹೆಗಲ ಮೇಲೆ ಸುಮ್ಮನೆ ಇಟ್ಟು, ಕುಳಿತವರು ಮೂರು ಸಲ ನಿಧಾನವಾಗಿ ಉಸಿರಾಡುವವರೆಗೆ ಕಾಯಬೇಕು. ಹೊಸಬರಿಗೆ ಈ ನಿಮಿಷವೇ ಅತಿ ಉದ್ದವಾದದ್ದು.

ಮುಂದಿನ ನಾಲ್ಕು ನಿಮಿಷ ಬೆನ್ನು. ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ ಅಂಗೈಯ ಬುಡವಿಟ್ಟು, ಕುಳಿತವರು ಉಸಿರು ಬಿಡುವಾಗ ವಾಲುತ್ತ, ಹೆಗಲಿನಿಂದ ಸೊಂಟದವರೆಗೆ ಐದಾರು ಹೆಜ್ಜೆಗಳಲ್ಲಿ ಇಳಿಯಬೇಕು; ಪಕ್ಕೆಲುಬು ಮುಗಿಯುವಲ್ಲಿ ಭಾರವನ್ನು ಅರ್ಧಕ್ಕೆ ಇಳಿಸಬೇಕು. ಎರಡು ಸುತ್ತಿನ ನಂತರ ಹೆಗಲೆಲುಬಿಗೂ ಬೆನ್ನುಮೂಳೆಗೂ ನಡುವಿನ ಪಟ್ಟಿಯಲ್ಲಿ, ಒಂದು ಪಕ್ಕ ಮುಗಿಸಿ ಇನ್ನೊಂದು ಪಕ್ಕದಂತೆ, ಹೆಬ್ಬೆರಳು ಅಥವಾ ಮೊಣಕೈಯ ಚಪ್ಪಟೆ ಭಾಗದಿಂದ ನಿಲ್ಲಿಸಿ ನಿಲ್ಲಿಸಿ ಒತ್ತಬೇಕು. ಸಾಮಾನ್ಯ ಕುರ್ಚಿಯಲ್ಲಿ ಮುಂದೆ ಆನಿಕೆಯಿಲ್ಲದೆ ಕುಳಿತಿದ್ದರೆ ಈ ಒತ್ತಿಗೆ ಅವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆಗ ಒಂದು ಕೈಯಿಂದ ಹೆಗಲಿನ ಮುಂಭಾಗವನ್ನು ಹಿಡಿದು ಇನ್ನೊಂದು ಕೈಯಿಂದ ಮಾತ್ರ ಕೆಲಸ ಮಾಡಬೇಕು.

ಹೆಗಲಿಗೆ ಮೂರು ನಿಮಿಷ. ಟ್ರಪೀಜಿಯಸ್ಸನ್ನು ಅಂಗೈ ಮತ್ತು ಬೆರಳುಗಳ ನಡುವೆ ಹಿಡಿದು ಎತ್ತಿ ಹಿಸುಕಬೇಕು, ಚಿವುಟಬಾರದು. ಬಳಿಕ ಮುಂದೋಳನ್ನು ಹೆಗಲ ಮೇಲಿಟ್ಟು ನೇರ ಕೆಳಕ್ಕೆ ಭಾರ ಹಾಕಬೇಕು.

ಕತ್ತಿಗೆ ಎರಡು ನಿಮಿಷ ಸಾಕು. ಕತ್ತಿನ ಹಿಂಭಾಗವನ್ನು ಒಂದೇ ಕೈಯಲ್ಲಿ ಹಿಡಿದು ಬುಡದಿಂದ ತಲೆಬುರುಡೆಯ ಅಂಚಿನವರೆಗೆ ಮೆಲ್ಲಗೆ ಹಿಸುಕುತ್ತ ಹೋಗಿ, ಬುರುಡೆಯ ಅಂಚಿನ ಕೆಳಗಿನ ತಗ್ಗುಗಳಲ್ಲಿ ಬೆರಳನ್ನು ಮೇಲ್ಮುಖವಾಗಿ ಇಟ್ಟು ನಿಲ್ಲಬೇಕು. ತಲೆಯ ತೂಕ ಸುಮಾರು 5 ಕಿಲೋ. ಕುಳಿತವರ ಹಣೆ ಊರಿಲ್ಲದಿದ್ದರೆ ಇನ್ನೊಂದು ಕೈ ಅದನ್ನು ಹಿಡಿದಿರಬೇಕು.

ತೋಳುಗಳಿಗೆ ಮೂರು ನಿಮಿಷ, ಒಂದೊಂದಕ್ಕೆ ಒಂದೂವರೆಯಂತೆ: ರಟ್ಟೆಯನ್ನು ಹಿಸುಕಿ, ಮುಂದೋಳಿನ ಮೇಲ್ಭಾಗವನ್ನು ಒತ್ತಿ, ಅಂಗೈಯಲ್ಲಿ ಹೆಬ್ಬೆರಳಿನ ಬುಡದ ದಿಂಡನ್ನು ನಾದಿ ಮುಗಿಸುವುದು. ದಿನವಿಡೀ ಮೌಸ್ ಹಿಡಿಯುವವರು ಬೆನ್ನಿಗಿಂತ ಈ ಭಾಗವನ್ನು ಹೆಚ್ಚು ನೆನೆಯುತ್ತಾರೆ, ಆದರೆ ಅವಸರದಲ್ಲಿ ಮೊದಲು ಕತ್ತರಿಸುವುದೂ ಇದನ್ನೇ. ತಲೆಗೆ ಒಂದು ನಿಮಿಷ; ಬೆರಳು ಕೂದಲ ಮೇಲೆ ಉಜ್ಜದೆ, ನೆತ್ತಿಯ ಚರ್ಮವನ್ನೇ ಮೂಳೆಯ ಮೇಲೆ ಸರಿಸಬೇಕು. ಕೊನೆಯ ನಿಮಿಷ ಹಗುರಾದ ತಟ್ಟು, ಮೇಲಿನಿಂದ ಕೆಳಕ್ಕೆ ನೀವುವುದು, ಮತ್ತು “ನಿಧಾನವಾಗಿ ಎದ್ದು ಕೂತುಕೊಳ್ಳಿ, ಕೂಡಲೇ ನಿಲ್ಲಬೇಡಿ” ಎಂಬ ಮಾತು.

ಈ ಮಾತಿಗೆ ಕಾರಣವಿದೆ. ಕುಳಿತ ಭಂಗಿಯಲ್ಲಿ ಮೈ ಸಡಿಲವಾದಾಗ ರಕ್ತದೊತ್ತಡ ಇಳಿದು ಕೆಲವರಿಗೆ ಕಣ್ಣು ಕತ್ತಲೆ ಬರುತ್ತದೆ, ಹಸಿದಿದ್ದರೆ ಇನ್ನೂ ಬೇಗ. ಏಕಾದಶಿ, ಶಿವರಾತ್ರಿ, ರಂಜಾನ್ ದಿನಗಳಲ್ಲಿ ಇದನ್ನು ನೆನಪಿಡಬೇಕು. ನನ್ನ ತರಗತಿಯಲ್ಲೇ ಉಪವಾಸವಿದ್ದ ಹುಡುಗಿಯೊಬ್ಬಳು ಹನ್ನೆರಡನೆಯ ನಿಮಿಷದಲ್ಲಿ ವಾಲಿಬಿಟ್ಟಳು, ಊಟದ ಪ್ರಶ್ನೆ ಕೇಳಲು ಮರೆತದ್ದು ಅವಳ ಜೋಡಿಯಲ್ಲ, ನಾನು. ಬಿಳಿಚಿದ ಮುಖ, ತಣ್ಣನೆಯ ಬೆವರು, ಆಕಳಿಕೆ, ವಾಕರಿಕೆ ಕಂಡ ಕೂಡಲೇ ನಿಲ್ಲಿಸಿ, ಹಿಡಿದು ನೆಲದ ಮೇಲೆ ಮಲಗಿಸಿ, ಕಾಲುಗಳನ್ನು ಎತ್ತಿಡಬೇಕು. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು. ಒಂದು ನಿಮಿಷದಲ್ಲಿ ಚೇತರಿಸದಿದ್ದರೆ 108. ಇದನ್ನು ನಾಟಕದಂತೆ ಎರಡು ಸಲವಾದರೂ ಆಡಿಸಿ.

ಕಾಣದವರಿಗೆ ಕಲಿಸುವಾಗ

ಜಪಾನಿನಲ್ಲಿ 17ನೆಯ ಶತಮಾನದಲ್ಲಿ ಸುಗಿಯಾಮಾ ವಾಇಚಿ ಎಂಬ ದೃಷ್ಟಿಹೀನ ಸೂಜಿಚಿಕಿತ್ಸಕರು ತಮ್ಮಂಥವರಿಗಾಗಿಯೇ ಶಾಲೆ ನಡೆಸಿದರು. ಅಲ್ಲಿ ಅನ್ಮಾ ಬಹುಕಾಲ ದೃಷ್ಟಿಹೀನರ ವೃತ್ತಿಯಾಗಿ ಉಳಿಯಿತು. ಬಟ್ಟೆ ಬಿಚ್ಚುವ ಪ್ರಸಂಗವಿಲ್ಲದ, ಒಂದೇ ಜಾಗದಲ್ಲಿ ನಿಂತು ಮಾಡುವ ಕುರ್ಚಿ ಮಸಾಜ್ ಇಂದಿಗೂ ಅವರಿಗೆ ಚೆನ್ನಾಗಿ ಹೊಂದುತ್ತದೆ. ಪಾಠದಲ್ಲಿ ಬದಲಾಗುವುದು ಸ್ವಲ್ಪವೇ: ತೋರಿಸುವ ಬದಲು ಅವರ ಕೈ ನಿಮ್ಮ ಕೈಯ ಮೇಲಿರಲಿ, ಆಮೇಲೆ ನಿಮ್ಮ ಕೈ ಅವರ ಕೈಯ ಮೇಲಿರಲಿ, ತೂಕದ ಮುಳ್ಳನ್ನು ಪಕ್ಕದವರು ಓದಿ ಹೇಳಲಿ, ಕುರ್ಚಿ, ಟವೆಲ್, ಸ್ಪಿರಿಟ್ ದಿನವೂ ಒಂದೇ ಜಾಗದಲ್ಲಿರಲಿ. ಬಿಳಿಚಿದ ಮುಖ ಅವರಿಗೆ ಕಾಣದ ಕಾರಣ, ಎರಡು ನಿಮಿಷಕ್ಕೊಮ್ಮೆ ಕುಳಿತವರನ್ನು ಮಾತಾಡಿಸಿ ದನಿಯನ್ನು ಆಲಿಸುವುದನ್ನು ಅವರಿಗೆ ಕಲಿಸಬೇಕು. ಅವರಿಂದ ಆ ಅಭ್ಯಾಸವನ್ನು ಕಣ್ಣಿದ್ದವರೂ ಪಡೆದುಕೊಂಡದ್ದನ್ನು ನೋಡಿದ್ದೇನೆ.

ಪರೀಕ್ಷೆ

ಪರೀಕ್ಷೆಯ ದಿನ ಶಿಕ್ಷಕರು ನಿಂತು ನೋಡದೆ ಕುರ್ಚಿಯಲ್ಲಿ ತಾವೇ ಕೂರಬೇಕು. ಎಷ್ಟೋ ತಪ್ಪುಗಳು ಕಣ್ಣಿಗೆ ಕಾಣುವುದಿಲ್ಲ, ಬೆನ್ನಿಗೇ ಗೊತ್ತಾಗುತ್ತವೆ. ಕೈ ತೊಳೆದರೇ, ಟಿಶ್ಯೂ ಬದಲಿಸಿದರೇ, ಉಗುರು ತೆಗೆದಿದೆಯೇ, ಉಂಗುರ ಬಿಚ್ಚಿಟ್ಟರೇ ಎಂಬುದಕ್ಕೆ ಅಂಕಗಳಿರಲಿ. ಹೆಚ್ಚಿನ ಅಂಕ ಪ್ರಶ್ನೆ ಕೇಳುವುದಕ್ಕೆ ಮತ್ತು ಒತ್ತಡ ಬಿಡುವ ರೀತಿಗೆ ಹೋಗಲಿ. ಉತ್ತೀರ್ಣರಾದವರಿಗೆ ಮೊದಲ ತಿಂಗಳು ದಿನಕ್ಕೆ ಎಂಟು ಮಸಾಜಿಗಿಂತ ಹೆಚ್ಚು ಕೊಡಬಾರದೆಂದು ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಬರೆದು ತಿಳಿಸಿ, ಪ್ರತಿ ಎರಡರ ನಡುವೆ ಐದು ನಿಮಿಷದ ಬಿಡುವನ್ನೂ ಕೇಳಿ.

ಕೊನೆಯದಾಗಿ, ಪರೀಕ್ಷೆಗೆ ಹೊರಗಿನವರೊಬ್ಬರನ್ನು ಕರೆತಂದು, ಯಾರಿಗೂ ಮುಂಚೆ ತಿಳಿಸದೆ, “ಬೆಳಗಿನಿಂದ ಎಡಗೈ ಸೆಳೆತ, ಎದೆ ಭಾರ, ಬೇಗ ಒತ್ತಿಬಿಡಿ” ಎಂದು ಹೇಳಿಸಿ ಕೂರಿಸಿ. ಆ ಹದಿನೈದು ನಿಮಿಷದಲ್ಲಿ ಬೆನ್ನಿಗೆ ಕೈಯನ್ನೇ ಹಚ್ಚದೆ ಫೋನ್ ಕೈಗೆತ್ತಿಕೊಂಡವರಿಗೆ ಪೂರ್ಣ ಅಂಕ ಕೊಡಿ.